ಪಕ್ಕದ ಮನೆಯ ಅಕ್ಕನ ಕೆತ್ತೆ

ಮೊನ್ನೆ ಕಪಾಟು ಮಾಡಲು ಬಂದ ಬಡಗಿ ಬಾಲ್ಕನಿಯಲ್ಲಿ ಮರ ಕೆತ್ತುತ್ತಿದ್ದ. ಮಳೆಯ ಇರಚಲು ಬಡಿದು ಚೂರುಗಳೆಲ್ಲ ನೆನೆದವು. ಆ ಒದ್ದೆ ಮರದ ವಾಸನೆ ಮೂಗಿಗೆ ಬಿದ್ದದ್ದೇ ತಡ, ಪಕ್ಕದ ಮನೆಯ ಅಕ್ಕ ನೆನಪಾದರು…

ಎಪ್ಪತ್ತರ ದಶಕದ ಮೊದಲ ವರ್ಷಗಳು. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನಲ್ಲಿ ನೆಲಮಹಡಿಯ ಎರಡೇ ಮನೆಗಳ ಹಿಂದೆ ಒಂದಿಷ್ಟು ಮಣ್ಣಿತ್ತು. ಒಂದು ನಮ್ಮದು, ಇನ್ನೊಂದು ಅಕ್ಕನದು. ನಾನು ಧಾರವಾಡದ ಕಡೆಯಿಂದ ಮದುವೆಯಾಗಿ ಬಂದವಳು. ಅವರು ಉಡುಪಿ ಕಡೆಯವರು, ಗಂಡ ಬಾಂದ್ರಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಊರಿನಿಂದ ತಂದ ಮಲ್ಲಿಗೆಯ ಒಂದು ಕಡ್ಡಿಯನ್ನು ಅವರೇ ನನಗೂ ಕೊಟ್ಟಿದ್ದರು. ಅದೇ ಮಣ್ಣು, ಬೆಳಿಗ್ಗೆ ಒಂದು ತಾಸು ಬರುವ ಅದೇ ನಳದ ನೀರು. ಆದರೂ ಅವರ ಗಿಡ ಮೊಗ್ಗು ಬಿಟ್ಟು ಬಾಗುತ್ತಿತ್ತು, ನನ್ನದು ಹಳದಿ ಎಲೆ ಉದುರಿಸುತ್ತಿತ್ತು.

ನನ್ನ ಗಂಡ ಲೋಕಲ್ ರೈಲು ಇಳಿದು ಬಂದವರು ಮನೆಯೊಳಗೆ ಕಾಲಿಡುವ ಮೊದಲೇ, “ಗೇಟಿನ ತನಕಾ ಘಮ ಘಮ ಅಂತದ ನೋಡು ಅವರ ಮಲ್ಲಿಗಿ” ಅನ್ನುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಅಕ್ಕ ದಿನವೂ ಕೊಡುತ್ತಿದ್ದ ಮೊಳ ಹೂವನ್ನು ಮುಡಿಯದೆ ದೇವರಿಗೆ ಏರಿಸಿಬಿಡುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಮಾನ ಬಿಟ್ಟು ಕೇಳಿಯೇಬಿಟ್ಟೆ: “ಅಕ್ಕಾರ, ಗಿಡಕ್ಕ ಏನ್ ಗೊಬ್ಬರಾ ಹಾಕ್ತೀರಿ?”

“ಎಂತ ಗೊಬ್ಬರವೂ ಇಲ್ಲ ಮಾರಾಯ್ತಿ, ಕೆತ್ತೆ!” ಎಂದು ನಕ್ಕು, ಬಟ್ಟೆ ಹಿಂಡಲು ಒಳಗೆ ಹೋದರು.

ನನ್ನ ಕಿವಿಗೆ ಬಿದ್ದದ್ದು ‘ಕತ್ತೆ’. ಕೆತ್ತೆ ಎಂಬ ಮಾತನ್ನೇ ನಾನು ಕೇಳಿರಲಿಲ್ಲ. ಹೂವು ಬೆಳೆಯಲಾರದವಳು ಎಂದು ಮುಖಕ್ಕೇ ಬೈದರಲ್ಲ ಎಂದು ಮೈಯೆಲ್ಲ ಉರಿಯಿತು. ಅವರ ಹಿತ್ತಲಲ್ಲಿ ಏನಾದರೂ ತಪ್ಪು ಸಿಗುತ್ತದೋ ಎಂದು ನೋಡಿದೆ. ಗಿಡಗಳ ಬುಡದಲ್ಲಿ ಮರದ ಚೂರು ಹರಡಿದ್ದವು. ನೀರು ಕಾಯಿಸುವ ಬಂಬಿಗೆ ಒಣಹಾಕಿದ್ದಾರೆ ಎಂದೇ ನಾನು ತಿಳಿದಿದ್ದೆ. ಸಂಜೆ ಸೊಸೈಟಿಯ ಸೆಕ್ರೆಟರಿಯ ಹೆಂಡತಿಯ ಕಿವಿಯಲ್ಲಿ, ಆ ಕಸಕ್ಕೆ ಗೆದ್ದಲು ಹತ್ತಿ ನಾಳೆ ಎಲ್ಲರ ಬಾಗಿಲೂ ತಿಂದೀತು ಎಂದು ಊದಿದೆ.

ಮರುದಿನ ಅಕ್ಕ ಆಂಟಾಪ್ ಹಿಲ್‌ನ ತಂಗಿಯ ಮನೆಗೆ ಹೋಗಿದ್ದಾಗ ಸೆಕ್ರೆಟರಿ ಕಳಿಸಿದ ಕಸಗುಡಿಸುವ ಜಾಡುವಾಲಾ ಬಂದು ಎಲ್ಲವನ್ನೂ ಬಳಿದುಕೊಂಡು ಹೋದ. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಸಂಜೆ ಅಕ್ಕ ಬಾಗಿಲಿಗೆ ಬಂದರು. ಅಂಗೈಯಲ್ಲಿ ನಾಲ್ಕು ಚೂರು.

“ನಿನ್ನೆ ಕೇಳಿದ್ದೆಯಲ್ಲ, ಕೆತ್ತೆ ಅಂದ್ರೆ ಇದೇ. ಬುಡಕ್ಕೆ ದಪ್ಪ ಹಾಸಿದ್ರೆ ಮಣ್ಣಿಗೆ ಬಿಸಿಲು ತಾಗುದಿಲ್ಲ, ಹೊಯ್ದ ನೀರು ಆರುದಿಲ್ಲ. ಬಡಗಿ ಹತ್ರ ಹೇಳಿ ನಿನಗೂ ಒಂದು ಗೋಣಿ ತಂದಿಟ್ಟಿದ್ದೆ ಮಾರಾಯ್ತಿ… ಅದನ್ನೂ ಕೊಂಡೋದ್ರು.”

“ನಾ ಏನೂ ಹೇಳಿಲ್ರೀ!” ಅಂದೆ. ಯಾರು ಹೇಳಿದರೆಂದು ಅವರು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನನ್ನು ಯಾರೂ ಕಳ್ಳಿ ಅನ್ನಬೇಕಾಗಿಯೂ ಬರಲಿಲ್ಲ. ಅಕ್ಕ ನನ್ನನ್ನೇ ಒಂದು ಗಳಿಗೆ ನೋಡಿದರು. ಆ ಚೂರುಗಳನ್ನು ನನ್ನ ಕೈಗೆ ಹಾಕಿ ಹೋದರು.

ಮೇ ತಿಂಗಳಲ್ಲಿ ಅವರ ಮಲ್ಲಿಗೆ ಒಣಗಿತು. ನನಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು. ಒಂದೆರಡು ದಿನ ಸಂತೋಷವೇ ಆಯಿತು. ಆಮೇಲೆ ಸಂಜೆ ಗೇಟಿನ ಹತ್ತಿರ ಏನೂ ಘಮ ಬಾರದಾದಾಗ ಗಂಡನ ಮುಖ ನೋಡಲಾಗಲಿಲ್ಲ… ಮರುವರ್ಷ ಅವರು ಪುಣೆಗೆ ಹೋದರು. ಹೊರಡುವ ದಿನವೂ ನಾನು ನಿಜ ಹೇಳಲಿಲ್ಲ.

ಬಡಗಿ ಹೋದ ಮೇಲೆ ಅಲ್ಲಿ ಇಲ್ಲಿ ಕೇಳಿ ನಂಬರು ಹುಡುಕಿಸಿ ಫೋನ್ ಮಾಡಿದೆ. ಎತ್ತಿದ್ದು ಮಗಳು. ಅಕ್ಕ ತೀರಿಕೊಂಡು ಮೂರು ವರ್ಷವಾಯಿತಂತೆ.

“ಮಮ್ಮಿ ನಿಮ್ದು ಬಹುತ್ ನೆನಪು ಮಾಡ್ತಿದ್ರು ಆಂಟಿ,” ಎಂದಳು ಕನ್ನಡಕ್ಕೆ ತಡವರಿಸುತ್ತ. “ಬಿಲ್ಡಿಂಗಲ್ಲಿ ಗಿಡದ್ದು ಕೇಳಿದ್ದು ನೀವು ಒಬ್ರೇ ಅಂತೆ.”

ಸತ್ತ ಮೇಲೂ ನನಗಿಂತ ಒಂದು ಕೈ ಮೇಲೆಯೇ ಉಳಿದರಲ್ಲ ಎಂದು ಹೊಟ್ಟೆ ಉರಿಯಿತು. ಈಗಲಾದರೂ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ.

“ಹೌದವಾ, ನಾನ ಕೇಳಿದ್ದೆ” ಎಂದು ಫೋನ್ ಇಟ್ಟೆ.