ಜೋಗದ ಮಂಜಿನಲ್ಲೊಬ್ಬ ಮೂರನೇ ಗೋಲ್‌ಕೀಪರ್

ಜೋಗದ ಕಾಲೊನಿ ಮೈದಾನದಲ್ಲಿ ಬೆಳಕು ಹರಿದಿದೆ, ಆದರೆ ಹತ್ತು ಮಾರು ಆಚೆಗೆ ಏನೂ ಕಾಣುವುದಿಲ್ಲ. ಜಲಪಾತದ ಕಡೆಯಿಂದ ಎದ್ದ ಮಂಜು ಗೋಲ್ ಕಂಬದ ತನಕ ಬಂದು ನಿಂತಿದೆ. ಆ ಕಂಬಗಳ ನಡುವೆ ಗ್ಲೌಸ್ ಹಾಕಿಕೊಂಡು, ಮೊಣಕಾಲು ಬಗ್ಗಿಸಿ ನಿಂತವರು ಸುರೇಂದ್ರ. ಮಂಜಿನ ಆಚೆ, ಚೂಡಿದಾರದ ಮೇಲೆ ಗಂಡನ ಹಳೇ ಜಾಕೆಟ್ ಏರಿಸಿಕೊಂಡು ಚೆಂಡಿನ ಮುಂದೆ ನಿಂತವರು ಹೆಂಡತಿ ತನುಜಾ. "ಬಂತು" ಎಂದು ಅವರ ಬಾಯಿಂದ ಸಣ್ಣಗೆ ಹೊರಡುತ್ತದೆ, ಹಿಂದೆಯೇ ಮಂಜು ಸೀಳಿಕೊಂಡು ಚೆಂಡು. ಸುರೇಂದ್ರ ಬಲಕ್ಕೆ ಬಿದ್ದು ತಡೆಯುತ್ತಾರೆ. ಏಳುವಾಗ ಮಾತ್ರ ಎಡಗೈ ಊರುತ್ತಾರೆ. ಬಲ ಭುಜಕ್ಕೆ ಈಗ ಮೈಭಾರ ತಡೆಯುವ ಶಕ್ತಿಯಿಲ್ಲ.

"ಕೂಗಬೇಡ ಅಂದ್ನಲ್ಲ ಮಾರಾಯ್ತಿ."

"ಬಾಯಿಗೆ ಬಂದುಬಿಡ್ತದೆ ಕಣ್ರಿ. ನಾನೂ ಇಲ್ಲೇ ಹುಟ್ಟಿದೋಳಲ್ವಾ?"

ಕೂಗುವುದು ಈ ಮೈದಾನದ ಕಾನೂನು. ಪವರ್ ಹೌಸಿನಲ್ಲಿ ಫಿಟ್ಟರ್ ಆಗಿದ್ದ ಮಂಜುನಾಥಪ್ಪ ಮಾಡಿದ್ದು. ಶಿಫ್ಟ್ ಮುಗಿಸಿ ಬಂದ ಕಾರ್ಮಿಕರು ಇಲ್ಲಿ ಫುಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ, ಮಂಜಿನೊಳಗಿಂದ ಬಂದ ಚೆಂಡು ಒಬ್ಬ ಗೋಲ್‌ಕೀಪರನ ಮುಂದಿನ ಹಲ್ಲು ಉದುರಿಸಿತಂತೆ. ಅಂದಿನಿಂದ, ಮಂಜು ಬಿದ್ದ ದಿನ ಗೋಲಿಗೆ ಹೊಡೆಯುವವನು ಮೊದಲು "ಬಂತು" ಎಂದು ಕೂಗಬೇಕು. ಕೂಗದೆ ಹೊಡೆದರೆ ಗೋಲು ಲೆಕ್ಕಕ್ಕಿಲ್ಲ. ಮಳೆಗಾಲ ಪೂರ್ತಿ ಮಂಜೇ ಇರುವ ಊರಿನಲ್ಲಿ, ಸುರೇಂದ್ರ ಕಣ್ಣಿಗಿಂತ ಮೊದಲು ಕಿವಿಯಿಂದ ಚೆಂಡು ಹಿಡಿಯಲು ಕಲಿತರು. ಕಲಿಸಿದವರೂ ಮಂಜುನಾಥಪ್ಪನವರೇ.

ಸಾಗರದಲ್ಲಿ ನಡೆದ ಒಂದು ಶಾಲಾ ಪಂದ್ಯಾವಳಿಯಲ್ಲಿ ಬೆಂಗಳೂರಿನ ಕ್ಲಬ್ಬಿನವರ ಕಣ್ಣು ಹುಡುಗನ ಮೇಲೆ ಬಿತ್ತು. ಅಲ್ಲಿಂದ ಹಾಸ್ಟೆಲು, ಕಿರಿಯರ ತಂಡ, ಕೊನೆಗೆ ವೃತ್ತಿಪರ ಆಟಗಾರನೆಂಬ ಕರಾರು. ಬೆಂಗಳೂರು, ಗೋವಾ, ಕೋಲ್ಕತ್ತ, ಕೋಳಿಕ್ಕೋಡ್ ಎಂದು ಹದಿಮೂರು ವರ್ಷ ತಿರುಗಿದರು. ಎಲ್ಲ ಕಡೆಯೂ ಅವರದು ಒಂದೇ ಕೆಲಸ: ಮೂರನೇ ಗೋಲ್‌ಕೀಪರ್.

ಮೊದಲನೆಯವನು ಆಡುತ್ತಾನೆ. ಅವನಿಗೆ ಪೆಟ್ಟಾದರೆ ಎರಡನೆಯವನು. ಮೂರನೆಯವನು ಇರುವುದು ಅಭ್ಯಾಸಕ್ಕೆ. ಉಳಿದವರು ಸ್ನಾನಕ್ಕೆ ಹೋದ ಮೇಲೂ ಗೋಲು ಹೊಡೆಯುವವರು ಮೈದಾನದಲ್ಲೇ ಉಳಿದು ಕಾಲು ಪಳಗಿಸಿಕೊಳ್ಳುತ್ತಾರೆ. ಅವರೆದುರು ಬಿಸಿಲಿಳಿಯುವ ತನಕ ಬಿದ್ದು ಎದ್ದು ಮಾಡುವವನು ಇವನು. ಪಂದ್ಯದ ದಿನ ಬೆಂಚಿನ ಮೇಲೆ ಜಾಗ ಸಿಕ್ಕರೆ ಪುಣ್ಯ. ಸುರೇಂದ್ರರ ಎರಡು ಬೆರಳು ಸೊಟ್ಟಗಾಗಿರುವುದು, ಭುಜ ಎರಡು ಸಲ ಜಾರಿದ್ದು, ಎಲ್ಲ ಅಭ್ಯಾಸದಲ್ಲೇ. ಚಪ್ಪಾಳೆ ಬಿದ್ದ ಕಡೆ ಅವರಿಗೆ ಗಾಯವಾಗಿಲ್ಲ.

ತಂದೆ ಧರ್ಮಪ್ಪ ಪವರ್ ಹೌಸಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವರು. ಮಗನ ತಂಡದ ಪಂದ್ಯವಿದ್ದಾಗ ಹೋಟೆಲಿನ ಟೀವಿಯ ಮುಂದೆ ಹೋಗಿ ಕೂರುತ್ತಿದ್ದರು. ಯಾರಪ್ಪ ನಿನ್ನ ಮಗ ಎಂದು ಕೇಳಿದವರಿಗೆ, ಅಗೋ ನೀರಿನ ಬಾಟಲಿ ಕೊಡ್ತಿದಾನಲ್ಲ, ಅವನೇ ಎಂದು ತೋರಿಸುತ್ತಿದ್ದರು. "ಊಟಕ್ಕೆ ಕೂತೋರು ಅಡಿಗೆಯವನ ಮುಖ ಎಲ್ಲಿ ನೋಡ್ತಾರೆ? ಮಗನೂ ನನ್ನ ಕಸುಬೇ ಹಿಡಿದ ಬಿಡಿ," ಎಂದು ಅವರು ಈಗಲೂ ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಒಂದೇ ಒಂದು ಪಂದ್ಯ ಆಡಿದ್ದುಂಟು. ವೃತ್ತಿಯ ಮೊದಲ ವರ್ಷಗಳಲ್ಲಿ, ಈಶಾನ್ಯದ ಒಂದು ಗುಡ್ಡದ ಊರಿನಲ್ಲಿ. ಮೊದಲ ಕೀಪರ್‌ಗೆ ಜ್ವರ, ಎರಡನೆಯವನಿಗೆ ವಿರಾಮಕ್ಕೆ ಮುಂಚೆ ಹಣೆ ಒಡೆಯಿತು. ಸುರೇಂದ್ರ ಒಳಗೆ ಹೋದರು. ಆಟ ಸಮ ಸಮ ನಡೆದಿತ್ತು. ಮುಗಿಯುವ ಹೊತ್ತಿಗೆ ಗುಡ್ಡದಿಂದ ಮಂಜು ಇಳಿಯಿತು. ಥೇಟ್ ಜೋಗದ ಮಂಜು. ಎದುರು ತಂಡದವನೊಬ್ಬ ದೂರದಿಂದ ಒದ್ದ. ಚೆಂಡು ಸುರೇಂದ್ರರ ಬಲಗಡೆಯಿಂದ ಬಲೆಗೆ ಹೋಯಿತು. ಅವರು ನಿಂತಲ್ಲಿಂದ ಕದಲಲಿಲ್ಲ.

"ಚೆಂಡು ಕಾಣ್ತಿತ್ತು ಮಾರಾಯ್ರೆ. ಕಾಣ್ಲಿಲ್ಲ ಅಂದ್ರೆ ಸುಳ್ಳಾಗ್ತದೆ. ಕೂಗು ಬರ್ಲಿ ಅಂತ ಮೈ ಕಾಯ್ತಾ ಇತ್ತು. ಅವನ್ಯಾಕೆ ಕೂಗ್ತಾನೆ? ಅವನೇನು ಜೋಗದವನಾ?" ಎನ್ನುತ್ತಾರೆ ಸುರೇಂದ್ರ ಈಗ.

ಟೀವಿಯಲ್ಲಿ ಕೀಪರ್ ನಿದ್ದೆ ಮಾಡುತ್ತಿದ್ದಾನೆ ಎಂದರು. ಕೋಚ್ ಕಾರಣ ಕೇಳಿದಾಗ ಸುರೇಂದ್ರ ಬಾಯಿ ಬಿಡಲಿಲ್ಲ. ಹೇಳಿದ್ದರೂ ಯಾರಿಗೆ ಅರ್ಥವಾಗಬೇಕು? ರಜೆಗೆ ಊರಿಗೆ ಬಂದಾಗ ಮಂಜುನಾಥಪ್ಪ ಮಾತ್ರ ಹತ್ತಿರ ಬಂದು, ಅವನು ಕೂಗ್ಲಿಲ್ಲ ಅಲ್ವನಾ ಎಂದು ಮೆಲ್ಲಗೆ ಕೇಳಿದರು. ಹೂಂ ಎಂದದ್ದಕ್ಕೆ ತಲೆ ತಗ್ಗಿಸಿ ನಡೆದರು. ಅದಾದ ಮೇಲೆ ಆ ಹಿರಿಯರು ಮೈದಾನದ ಕಡೆ ಹೆಚ್ಚು ಬರಲಿಲ್ಲ.

ಸುರೇಂದ್ರರಿಗೆ ಈಗ ಮೂವತ್ತಾರು. ಎರಡು ವರ್ಷದಿಂದ ಯಾವ ಕ್ಲಬ್ಬೂ ಕರೆದಿಲ್ಲ. ಜಲಪಾತದ ಬಳಿ ತನುಜಾ ನಡೆಸುವ ಚುರುಮುರಿ ಅಂಗಡಿಯ ಪಕ್ಕದಲ್ಲೇ ನಿಂತು, ಪ್ರವಾಸಿಗಳಿಗೆ ಕೊಡೆ ಬಾಡಿಗೆಗೆ ಕೊಡುತ್ತಾರೆ. ಆಷಾಢದಲ್ಲಿ ಬೆಂಗಳೂರಿನ ಒಂದು ಸಣ್ಣ ಕ್ಲಬ್ಬಿನ ಮ್ಯಾನೇಜರ್ ಫೋನ್ ಮಾಡಿದ್ದರು. ಅವರ ಕೀಪರ್ ಒಬ್ಬನ ಕಾಲು ಮುರಿದಿತ್ತು. ತಯಾರಾಗಿರಿ, ಸೋಮವಾರ ಹೇಳುತ್ತೇನೆ ಎಂದರು. ಆ ದಿನದಿಂದಲೇ ಗಂಡ ಹೆಂಡತಿ ಬೆಳಗ್ಗೆ ಮೈದಾನಕ್ಕೆ ಇಳಿದದ್ದು, ಕೂಗಬಾರದೆಂಬ ಕಟ್ಟಪ್ಪಣೆ ಹುಟ್ಟಿದ್ದು. ಕಿವಿಯ ಹಳೇ ಅಭ್ಯಾಸ ಬಿಡಿಸಬೇಕಿತ್ತು. ಇನ್ನೊಂದು ಪಂದ್ಯ, ಬೇಡ, ಅರ್ಧ ಪಂದ್ಯ ಸಿಕ್ಕರೂ ಸಾಕಿತ್ತು ಅವರಿಗೆ. ತನ್ನ ಆಟವೆಂದರೆ ಆ ಒಂದು ಗೋಲು ಎಂದಾಗಬಾರದು, ಅಷ್ಟೇ.

ಸೋಮವಾರ ಫೋನ್ ಬಂದಾಗ ಅಂಗಡಿಯ ಮುಂದೆ ಜನವಿತ್ತು. ಮ್ಯಾನೇಜರ್ ಮರ್ಯಾದೆಯಿಂದಲೇ ಮಾತಾಡಿದರು. ಹತ್ತೊಂಬತ್ತರ ಹುಡುಗನೊಬ್ಬ ಸಿಕ್ಕಿದ್ದಾನೆ, ನಿಮ್ಮ ಅನುಭವ ದೊಡ್ಡದು, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಆಯ್ತು ಸರ್ ಎಂದು ಸುರೇಂದ್ರ ಫೋನ್ ಜೇಬಿಗಿಟ್ಟು, ಕೊಡೆಯ ಕಡ್ಡಿ ಮುರಿದಿದೆ ಎಂದು ತಕರಾರು ತೆಗೆದಿದ್ದ ಗಿರಾಕಿಗೆ ಬೇರೆ ಕೊಡೆ ಬಿಚ್ಚಿ ತೋರಿಸಿದರು. ಈರುಳ್ಳಿ ಹೆಚ್ಚುತ್ತಿದ್ದ ತನುಜಾ ಮುಖ ನೋಡಿಯೇ ತಿಳಿದುಕೊಂಡರು. ಮನೆಯಲ್ಲಿ ಧರ್ಮಪ್ಪನವರು, ಬಾ, ಅನ್ನ ಆರ್ತದೆ ಎಂದರು.

ಮರುದಿನ ಬೆಳಗ್ಗೆ ಇನ್ನು ಏಳುವ ಕೆಲಸವಿಲ್ಲ ಎಂದುಕೊಂಡಿದ್ದ ತನುಜಾ ಕಣ್ಣು ಬಿಟ್ಟಾಗ, ಗಂಡ ಹೊಸಿಲ ಮೇಲೆ ಕೂತು ಬೂಟಿನ ಲೇಸು ಬಿಗಿಯುತ್ತಿದ್ದಾರೆ. ಅವರೂ ಜಾಕೆಟ್ ಹಾಕಿಕೊಂಡು ಹಿಂದೆ ಹೊರಡುತ್ತಾರೆ. ಮೈದಾನದಲ್ಲಿ ಅದೇ ಮಂಜು. ಸುರೇಂದ್ರ ಕಂಬಗಳ ನಡುವೆ ಹೋಗಿ ನಿಂತು, ಗ್ಲೌಸಿನ ಪಟ್ಟಿ ಎಳೆದುಕೊಳ್ಳುತ್ತಾರೆ.

"ಇವತ್ತು ಕೂಗು," ಎನ್ನುತ್ತಾರೆ.

ಮಂಜಿನ ಆಚೆಯಿಂದ ತನುಜಾರ ಕೂಗು ಪೂರಾ ಮೈದಾನಕ್ಕೆ ಕೇಳುವಷ್ಟು ಜೋರಾಗಿ ಬರುತ್ತದೆ. ಸುರೇಂದ್ರ ಬಲಕ್ಕೇ ಹಾರುತ್ತಾರೆ. ಜಂಬಿಟ್ಟಿಗೆಯ ಗಟ್ಟಿ ನೆಲಕ್ಕೆ ಭುಜ ಬಡಿಯುತ್ತದೆ. ಏಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ಆದರೆ ಚೆಂಡು ಎದೆಗೆ ಒತ್ತಿಕೊಂಡೇ ಇದೆ. ನೋವು ಎಷ್ಟಾಯಿತೆಂದು ಕೇಳಿದರೆ, ಗ್ಲೌಸಿನ ಕೆಂಪು ಮಣ್ಣು ಒರೆಸುತ್ತಾ ಬೇರೆಯೇ ಮಾತು ಹೇಳುತ್ತಾರೆ.

"ಕೂಗಿ ಹೊಡೆದ ಬಾಲು ನನ್ನ ಕೈ ತಪ್ಪೋದು ಕಡಿಮೆ."