ಕಲ್ಲು ಕಿತ್ತ ಗುಂಡಿಗಳು

ಎತ್ತು ಮಾರಲು ಬಂದವನು ಅದರ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ ನಿಲ್ಲಿಸಿದ್ದರೆ ನಾನು ಮೊದಲು ನೋಡುವುದು ಎತ್ತನ್ನಲ್ಲ, ಅವನನ್ನು. ತೊಳೆದದ್ದರಲ್ಲಿ ತಪ್ಪೇನಿಲ್ಲ. ಆದರೆ ಏನನ್ನು ತೊಳೆದ ಅನ್ನುವುದು ಗೊತ್ತಾಗಬೇಕು. ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕು ಸುತ್ತಿ ದನ ಕೊಡಿಸಿ, ಮಾರಿಸಿ ಬದುಕು ಕಟ್ಟಿಕೊಂಡವನು ನಾನು. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮೊದಲ ಸಲ ಮಾಂಬಳ್ಳಿಯ ರೈತರೊಬ್ಬರಿಂದ ಎತ್ತಿನ ಜೋಡಿ ಕೊಡಿಸಿದಾಗ ನನ್ನ ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಈಗ ಎತ್ತು ಕಮ್ಮಿಯಾಗಿ ಸೀಮೆಹಸು ಜಾಸ್ತಿಯಾಗಿವೆ. ಅನುಮಾನ ಮಾತ್ರ ನನ್ನಲ್ಲಿ ಅಷ್ಟೇ ಇದೆ, ಅದು ಕಮ್ಮಿಯಾದ ದಿನ ಈ ಕಸುಬು ಬಿಡಬೇಕು.

ನಮ್ಮ ಚೌಕಾಸಿ ನಡೆಯುವುದು ಟವೆಲ್ಲಿನ ಒಳಗೆ. ಕೊಳ್ಳುವವನ ಕೈ, ಕೊಡಿಸುವವನ ಕೈ ಎರಡೂ ಟವೆಲ್ಲಿನ ಕೆಳಗೆ ಸೇರುತ್ತವೆ, ಬೆರಳು ಹಿಡಿದು ಬೆಲೆ ಹೇಳುತ್ತೇವೆ. ಸುತ್ತ ನಿಂತವರಿಗೆ ಮಾತು ನಡೆಯುತ್ತಿದೆ ಅನ್ನುವುದು ಗೊತ್ತು, ಯಾರು ಎಷ್ಟಕ್ಕೆ ಬಗ್ಗಿದರು ಅನ್ನುವುದು ಗೊತ್ತಿಲ್ಲ. ಇದನ್ನು ಈಗಲೇ ಹೇಳಿಡುತ್ತೇನೆ, ಮುಂದೆ ಬೇಕಾಗುತ್ತದೆ.

ನನ್ನ ಅಕ್ಕನನ್ನು ಕೊಟ್ಟಿರುವುದು ಶಾಗ್ಯದ ಆಚೆಯ ಒಂದು ಊರಿಗೆ. ಭಾವ ತೀರಿಕೊಂಡ ಮೇಲೆ ಅವಳ ಹೆಸರಿಗೆ ಒಂದು ಗುಂಟೆಯೂ ಉಳಿಯಲಿಲ್ಲ, ಇದ್ದದ್ದೆಲ್ಲ ಭಾವನ ಅಣ್ಣತಮ್ಮಂದಿರ ಪಾಲಾಯಿತು. ಅವಳಿಗೆ ದಕ್ಕಿದ್ದು ಕೆರೆಯಂಗಳದ ಒಂದು ತುಂಡು. ಬೇಸಿಗೆ ಹತ್ತಿರವಾದ ಹಾಗೆ ನೀರು ಹಿಂದಕ್ಕೆ ಸರಿದು ಕಪ್ಪು ಮಣ್ಣು ಹೊರಗೆ ಬರುತ್ತದೆ. ಆ ಮಣ್ಣಿನ ಹಸಿಯಲ್ಲೇ ಅವಳು ಸೌತೆಬೀಜ ಊರುತ್ತಾಳೆ. ಕಾಯಿ ಬಿಟ್ಟ ಮೇಲೆ ಬುಟ್ಟಿ ಹೊತ್ತು ಬಸ್ಸಿನಲ್ಲಿ ಕಾಮಗೆರೆಗೆ ಹೋಗಿ, ಆಸ್ಪತ್ರೆಗೆ ಬಂದುಹೋಗುವ ಜನರಿಗೆ ಸೀಳಿ ಉಪ್ಪುಖಾರ ಹಚ್ಚಿ ಮಾರುತ್ತಾಳೆ. ಕೂಲಿಯಿಂದ ಅವಳ ಹೊಟ್ಟೆ ನಡೆಯುತ್ತದೆ. ಸೌತೆಕಾಯಿಯಿಂದ ಅವಳು ಯಾರ ಮನೆ ಬಾಗಿಲಿಗೂ ಹೋಗಿ ನಿಲ್ಲದೆ ಇದ್ದಾಳೆ, ನನ್ನ ಮನೆ ಬಾಗಿಲನ್ನೂ ಸೇರಿಸಿ.

ಅಲ್ಲಿ ಹಾಗೆ ಬೆಳೆಯುವ ಮನೆಗಳು ಇನ್ನೂ ಇವೆ. ಯಾರ ತುಂಡು ಎಲ್ಲಿಗೆ ಮುಗಿಯುತ್ತದೆ ಅನ್ನುವುದಕ್ಕೆ ಗುರುತಿನ ಕಲ್ಲು ನೆಟ್ಟಿರುತ್ತಾರೆ. ಆದರೆ ಜಾಗ ಸರ್ಕಾರದ್ದು. ಅದಕ್ಕಾಗಿ ಊರಿನಲ್ಲಿ ಒಂದು ಪದ್ಧತಿ. ಯಾವ ಆಫೀಸಿನದೇ ಆಗಲಿ, ಜೀಪು ಬರುತ್ತದೆ ಅಂತ ಸುದ್ದಿ ಸಿಕ್ಕರೆ ಕಲ್ಲು ಕಿತ್ತು ಏರಿಯ ಹಿಂದಕ್ಕೆ ಉರುಳಿಸುತ್ತಾರೆ, ಮುಳ್ಳಿನ ಬೇಲಿ ಎಳೆದು ಹಾಕುತ್ತಾರೆ, ನಾಲ್ಕು ದನ ಒಳಕ್ಕೆ ಹೊಡೆಯುತ್ತಾರೆ. ಬಂದವರ ಕಣ್ಣಿಗೆ ಕೆರೆ ಸರ್ಕಾರದ ಕೆರೆಯ ಹಾಗೇ ಕಾಣುತ್ತದೆ. ಜೀಪು ತಿರುಗಿದ ಮೇಲೆ ಕಲ್ಲುಗಳು ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ, ಒಂದು ಗೇಣು ಆಚೀಚೆ ಇಲ್ಲದೆ. ನಾನು ಎಷ್ಟೋ ಸಲ ಇದನ್ನು ನೋಡಿ ನಕ್ಕಿದ್ದೇನೆ.

ಹೋದ ಬೇಸಿಗೆಯಲ್ಲಿ ಅಕ್ಕ ಫೋನು ಮಾಡಿದಾಗ ನಗು ಬರಲಿಲ್ಲ. ಕೆರೆಯನ್ನು ಅಭಿವೃದ್ಧಿ ಮಾಡುತ್ತಾರಂತೆ. ಹೂಳು ತೆಗೆದು, ಏರಿ ಎತ್ತರಿಸಿ, ಸುತ್ತಲೂ ತಂತಿಬೇಲಿ ಹಾಕುತ್ತಾರಂತೆ. ದುಡ್ಡು ಬಿಡುವ ಮೊದಲು ಒಬ್ಬ ಮೇಡಂ ಬಂದು, ಈ ಕೆಲಸದಿಂದ ನೀರಿಗೆ, ಮರಕ್ಕೆ, ಜನಕ್ಕೆ ಏನಾದರೂ ತೊಂದರೆ ಇದೆಯೇ ಅಂತ ನೋಡಿ ಬರೆದುಕೊಂಡು ಹೋಗುತ್ತಾರಂತೆ. ಈ ಸಲ ಬರಿ ಕಲ್ಲು ಕಿತ್ತರೆ ಸಾಲದು, ಬೆಳೆಯನ್ನೂ ಕೀಳಬೇಕು, ಕೇಳಿದರೆ ಇಲ್ಲಿ ಯಾರೂ ಏನೂ ಮಾಡುತ್ತಿಲ್ಲ ಅನ್ನಬೇಕು, ಅಂತ ಊರಿನ ಪಂಚಾಯ್ತಿ ಮೆಂಬರು ಮನೆಮನೆಗೆ ಹೋಗಿ ಹೇಳಿದ್ದಾನೆ. ಇಲ್ಲದಿದ್ದರೆ ಒತ್ತುವರಿ ಅಂತ ಕೇಸು ಬೀಳುತ್ತದೆ ಅಂದನಂತೆ.

"ಅವನ ತುಂಡಿನದು?" ಅಂತ ಕೇಳಿದೆ.

"ಅವನೇ ಮೊದಲು ಕಿತ್ತಾಕುದ ಕಣ್ಲಾ. ಅಲಸಂದೆ ಊವಾಗಿತ್ತು, ಅಂಗೇ ಕಿತ್ತು ದನಕ್ಕಾಕುದ."

ನನಗೆ ಅಲ್ಲೇ ಕಿವಿ ನೆಟ್ಟಗಾಯಿತು. ಆ ಮನುಷ್ಯನನ್ನು ನಾನು ಬಲ್ಲೆ. ಹಸು ಮಾರಿದಾಗ ಅದರ ಕೊರಳಿನ ಹಗ್ಗ ಬಿಚ್ಚಿಟ್ಟುಕೊಂಡವನು. ಹೂವಾದ ಬೆಳೆಯನ್ನು ನಗುನಗುತ್ತ ಕಿತ್ತನೆಂದರೆ ಬೇರೆ ಎಲ್ಲೋ ಅವನಿಗೆ ಇದಕ್ಕಿಂತ ದೊಡ್ಡದು ಸಿಗುತ್ತಿದೆ. ಏನು ಅಂತ ಯೋಚಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಅವನ ಹೊಲ ಏರಿಯ ಪಕ್ಕದಲ್ಲೇ ಇದೆ. ಗೊಬ್ಬರಕ್ಕೆ ಸಮನಾದ ಹೂಳು ಹೊಡೆಯುವ ಟ್ರ್ಯಾಕ್ಟರಿಗೆ ಎಲ್ಲಕ್ಕಿಂತ ಹತ್ತಿರದ ಹೊಲ ಅದು, ಕೆರೆ ಆಳವಾದರೆ ಮೊದಲು ನೀರು ಏರುವುದೂ ಅವನ ಬೋರ್‌ವೆಲ್ಲಿಗೆ. ಯಾರಿಗೂ ತೊಂದರೆ ಇಲ್ಲ ಅಂತ ಬರೆದರೆ ಕೆಲಸ ಬೇಗ ಶುರುವಾಗುತ್ತದೆ. ಇದು ನನ್ನ ಊಹೆ. ಊಹೆಯ ಮೇಲೆ ವ್ಯಾಪಾರ ನಿಲ್ಲಿಸಬಹುದು, ಮಾಡಬಾರದು. ಆದ್ದರಿಂದ ಅಕ್ಕನಿಗೆ ನಾನು ಬರುವವರೆಗೂ ಬಳ್ಳಿ ಮುಟ್ಟಬೇಡ ಅಂದೆ.

ಮೇಡಂ ಬರುವ ದಿನ ಬೆಳಿಗ್ಗೆ ಬೈಕಿನಲ್ಲಿ ಹೋದಾಗ ಅಕ್ಕ ತನ್ನ ತುಂಡಿನಲ್ಲಿ ಕುಡುಗೋಲು ಹಿಡಿದು ನಿಂತಿದ್ದಳು. ಸುತ್ತಲಿನ ತುಂಡುಗಳೆಲ್ಲ ಬೋಳಾಗಿದ್ದವು. ಇವಳದು ಮಾತ್ರ ಹಸಿರು, ಎಲೆಯ ಕೆಳಗೆ ಕಾಯಿ.

"ಕಿತ್ತಾಕ್ಲಾ, ಬುಡ್ಲಾ? ಬ್ಯಾಗ ಯೋಳು. ಆಗ್ಲೇ ಎಲ್ಡು ಸತಿ ಬಂದು ನೋಡ್ಕಂಡೋದ," ಅಂದಳು. ಮೆಂಬರ ವಿಷಯ.

ಕಿತ್ತರೆ ಈ ವರ್ಷದ ಕಾಯಿ ಹೋಗುತ್ತದೆ, ಬೇಲಿ ಬಂದರೆ ಮುಂದಿನ ಎಲ್ಲ ವರ್ಷದ್ದೂ. ಬಿಟ್ಟು, ಆ ಮೇಡಂ ಒತ್ತುವರಿ ಅಂತ ಬರೆದುಕೊಂಡರೆ ಹೆಸರೂ ಕೆಡುತ್ತದೆ, ಕಾಯಿಯೂ ಹೋಗುತ್ತದೆ. ನನಗೂ ತಿಳಿಯಲಿಲ್ಲ. ಹಳೆಯ ಸೋಗೆ ಎಳೆದು ಬಳ್ಳಿಯ ಮೇಲೆ ಹರಡಿ ಅಕ್ಕನನ್ನು ಏರಿಗೆ ಹತ್ತಿಸಿಕೊಂಡು ಬಂದೆ. ಮುಚ್ಚಿದ್ದನ್ನು ಆಮೇಲೆ ತೆರೆಯಬಹುದು, ಕಿತ್ತದ್ದನ್ನು ನೆಡಲಾಗದು.

ಜೀಪಿನಿಂದ ಇಳಿದವಳು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಏರಿಯ ಮೇಲೆ ಸೇರಿದ್ದ ಎಲ್ಲರಿಗೂ ಕೈಮುಗಿದು, ತಾನು ಯಾಕೆ ಬಂದೆ ಅಂತ ನಿಧಾನವಾಗಿ ಹೇಳಿದಳು. ನನಗೆ ಸಿಹಿ ಮಾತಾಡುವವರ ಮೇಲೆ ಮೊದಲಿಂದಲೂ ಒಂದು ಕಣ್ಣು. ಅವಳು ಕೇಳಿದ್ದಕ್ಕೆಲ್ಲ ಮೆಂಬರೇ ಉತ್ತರ ಕೊಟ್ಟ. ಮರ ಕಡಿಯುವುದಿಲ್ಲ, ಸ್ಮಶಾನಕ್ಕೆ ದಾರಿ ತಪ್ಪುವುದಿಲ್ಲ, ದನಕ್ಕೆ ನೀರು ಕುಡಿಯಲು ಬೇರೆ ತೊಟ್ಟಿ ಇದೆ ಅಂದ. ಕೆರೆಯೊಳಗೆ ಯಾರಾದರೂ ಬೆಳೆ ಬೆಳೆಯುತ್ತಾರೆಯೇ ಅಂತ ಅವಳು ಹೆಂಗಸರ ಕಡೆ ತಿರುಗಿ ಕೇಳಿದಳು. ಒಬ್ಬೊಬ್ಬರೂ ಇಲ್ಲ ಅಂದರು. ಕೊನೆಗೆ ಅಕ್ಕನ ಸರದಿ.

"ಇಲ್ಲ ಕಣವ್ವ. ನಾವ್ಯಾಕೆ ಕೆರೆಗೆ ಓಗವ. ದನ ಮೇಯ್ತವೆ ಅಷ್ಟೆ."

ಹೇಳುವಾಗ ಅವಳ ಸೆರಗಿಗೆ ಸೌತೆ ಹೂವಿನ ಹಳದಿ ಅಂಟಿತ್ತು.

ಮೇಡಂ ಅದನ್ನೂ ಬರೆದುಕೊಂಡಳು. ಕೆರೆ ನೋಡಿಕೊಂಡು ಬರುತ್ತೇನೆ ಅಂತ ಇಳಿದಳು. ಮೆಂಬರು ಕಾಫಿ ತರಿಸಲು ಯಾರನ್ನೋ ಕೂಗುತ್ತಿದ್ದ ಹೊತ್ತಿಗೆ ನಾನು ಅವಳ ಹಿಂದೆ ಹೋದೆ. ಅವಳು ಒಂದು ಕಡೆ ಕುಕ್ಕರಗಾಲಿನಲ್ಲಿ ಕೂತು ನೆಲ ಮುಟ್ಟಿ ನೋಡುತ್ತಿದ್ದಳು.

"ನೀವು ಈ ಊರಿನವರಲ್ಲ ಅಲ್ವಾ ಅಣ್ಣ?" ಅಂದಳು.

"ಎಂಗೆ ಗೊತ್ತಾಯ್ತವ್ವ?"

"ಎಲ್ಲರೂ ನನ್ನ ಮುಖ ನೋಡ್ತಿದ್ರು. ನೀವೊಬ್ಬರೇ ಮೆಂಬರ ಮುಖ ನೋಡ್ತಿದ್ರಿ." ಆಮೇಲೆ ನೆಲ ತೋರಿಸಿದಳು. "ಈ ಗುಂಡಿ ನೋಡಿ, ಇನ್ನೂ ಹಸಿಯಾಗಿದೆ. ಅಲ್ಲೊಂದು, ಅದರಾಚೆ ಇನ್ನೊಂದು. ದನ ಹೀಗೆ ಸಾಲು ಹಿಡಿದು ಗುಂಡಿ ತೋಡಲ್ಲ."

ಎಲ್ಲ ಊರಲ್ಲೂ ಜನ ಕೆರೆಯನ್ನು ಮಾರುವ ಎತ್ತಿನ ಹಾಗೆ ತೊಳೆದು ನಿಲ್ಲಿಸಿರುತ್ತಾರೆ ಅನ್ನುವುದು ಅವಳಿಗೆ ಗೊತ್ತಿತ್ತು. ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಇಷ್ಟು ನೋಡುವವಳು ಕೇಸು ಹಾಕಿಸಲು ಬಂದಿದ್ದರೆ ಗತಿಯೇನು? ನೇರವಾಗಿ ಕೇಳಿದೆ. ಯಾರಾದರೂ ಬಾಯಿ ಬಿಟ್ಟು ನನ್ನದು ಅಂದರೆ ಆ ಹೆಸರು ತಾಲ್ಲೂಕು ಆಫೀಸಿಗೆ ಹೋಗುತ್ತದೆಯೇ?

"ಹೋಗಲ್ಲ ಅಂದ್ರೆ ನಂಬ್ತೀರಾ?"

"ನಂಬಲ್ಲ."

"ನಿಮ್ಮ ಜಾಗದಲ್ಲಿ ನಾನಿದ್ರೂ ನಂಬ್ತಿರಲಿಲ್ಲ," ಅಂದಳು. ಆಮೇಲೆ ಬಿಡಿಸಿ ಹೇಳಿದಳು. ಯಾರೂ ಇಲ್ಲ ಅಂತ ಬರೆದುಕೊಂಡು ಹೋದರೆ ನಕ್ಷೆ ಹೇಗಿದೆಯೋ ಹಾಗೇ ಬೇಲಿ ಬರುತ್ತದೆ. ಪತ್ರ ಇಲ್ಲದಿದ್ದರೂ ಈ ಮಣ್ಣಿನಿಂದ ಬದುಕುವ ಮನೆಗಳಿವೆ ಅಂತ ಬರೆದರೆ, ಕೆಲಸ ಶುರುವಾಗುವ ಮೊದಲು ನಕ್ಷೆ ಬದಲಿಸಬೇಕು, ಇಲ್ಲವೇ ಅವರಿಗೆ ಬೇರೆ ದಾರಿ ತೋರಿಸಬೇಕು. ಬರೆಯುವುದು ಅವಳ ಕೆಲಸ, ಬದಲಿಸುವುದು ಮೇಲಿನವರದು. ಬದಲಿಸಿಯೇ ತೀರುತ್ತಾರೆ ಅಂತ ತಾನು ಮಾತು ಕೊಡಲಾರೆ ಅಂದಳು.

ಆ ಕೊನೆಯ ಮಾತಿಗೇ ನಾನು ಸ್ವಲ್ಪ ಬಗ್ಗಿದ್ದು. ಹಸುವಿನ ಒಂದು ಮೊಲೆಯಲ್ಲಿ ಹಾಲು ಕಮ್ಮಿ ಅಂತ ತಾನಾಗಿಯೇ ಹೇಳುವವನ ಹತ್ತಿರ ಮುಂದಿನ ಮಾತು ಆಡಬಹುದು. ಲೆಕ್ಕವೂ ಕಷ್ಟದ್ದಲ್ಲ. ಸುಮ್ಮನಿದ್ದರೆ ಅಕ್ಕನಿಗೆ ನಷ್ಟ ಖಂಡಿತ. ಹೇಳಿದರೆ ನಷ್ಟವೋ ಲಾಭವೋ ಅನುಮಾನ. ಖಂಡಿತವಾದ ನಷ್ಟಕ್ಕಿಂತ ಅನುಮಾನ ಮೇಲು.

ಆದರೆ ಅಕ್ಕ ಮೊದಲು ಬಾಯಿ ಬಿಟ್ಟವಳು ಆಗಬಾರದು. ಮೇಡಂ ಸಂಜೆಗೆ ಜೀಪು ಹತ್ತುತ್ತಾಳೆ, ಅಕ್ಕ ಅದೇ ಊರಿನಲ್ಲಿ ನೀರಿಗೆ ಹೋಗಬೇಕು.

ಎಲ್ಲರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ ಅಂದೆ. ಹೆಂಗಸರನ್ನು ಬೇರೆಯಾಗಿ ಮಾತಾಡಿಸಬೇಕು ಅನ್ನುವುದು ತಮ್ಮಲ್ಲೂ ನಿಯಮ, ಮಧ್ಯಾಹ್ನ ಸ್ಕೂಲಿಗೆ ಕರೆದಿದ್ದೇನೆ ಅಂದಳು. ಸ್ಕೂಲಿನ ಕಿಟಕಿಗೆ ಊರೆಲ್ಲ ನಿಂತಿರುತ್ತದೆ, ಬೇಡ ಅಂದೆ. ಹೆಗಲ ಮೇಲಿನ ಟವೆಲ್ಲು ತೆಗೆದು ನನ್ನ ಎರಡು ಕೈ ಮುಚ್ಚಿ ತೋರಿಸಿದೆ.

"ಇದ್ನ ನೋಡವ್ವ. ಕೈ ಎಲ್ರಿಗೂ ಕಾಣ್ತದೆ, ಬೆರಳು ಯಾರ್ಗೂ ಕಾಣಲ್ಲ. ಊರಲ್ಲಿ ಒಂದು ಮನೆನೂ ಬುಡಬ್ಯಾಡ, ಎಲ್ಲಾ ಮನೆಗೂ ಓಗು. ಕೆರೆಲಿ ಏನೂ ಇಲ್ದೆ ಇರೋರ ಮನೆಗೂ ಓಗು. ಅಡುಗೆಮನೆ ಒಳಗೆ ಕೂತ್ಕೊ. ಎಲ್ರ ಮನೇಲೂ ಒಂದೇ ಒತ್ತು ಕೂತ್ಕೊ. ಯಾರು ಏನಂದ್ರು ಅಂತ ಯಾವ ನನ್ ಮಗನಿಗೂ ತಿಳಿಬಾರ್ದು."

ನಕ್ಕಳು. ಒಂದು ದಿನಕ್ಕೆ ಆಗುವ ಕೆಲಸ ಅಲ್ಲ, ನಾಳೆಯೂ ಬರುತ್ತೇನೆ ಅಂದಳು. ಹಾಗೇ ಬಂದಳು. ಮೆಂಬರು ಮೊದಲ ನಾಲ್ಕು ಮನೆಗೆ ಜೊತೆಯಲ್ಲಿ ಹೋದ. ಗಂಡಸರು ಜಗಲಿಯಲ್ಲೇ ಇರಿ, ನಾವು ಹೆಂಗಸರ ಆರೋಗ್ಯದ ವಿಷಯವೂ ಮಾತಾಡಬೇಕು ಅಂದಳಂತೆ. ಆಮೇಲೆ ಅವನಿಗೆ ಜಗಲಿಯಲ್ಲಿ ಕೂತು ಸಾಕಾಯಿತು. ಅವಳು ಎಲ್ಲರ ಮನೆಯಲ್ಲೂ ಮಜ್ಜಿಗೆ ಕುಡಿದಳು. ಮೆಂಬರ ಮನೆಯನ್ನೂ ಬಿಡಲಿಲ್ಲ, ಅವನ ಹೆಂಡತಿಯ ಜೊತೆ ಒಳಗೆ ಕೂತೇ ಬಂದಳು.

ನಿಮ್ಮ ಊರಿಗೂ ಇಂಥ ಜೀಪು ಬರಬಹುದು. ಬಂದರೆ ಎರಡು ಮಾತು ನೆನಪಿಡಿ. ನಿಮ್ಮ ಪರವಾಗಿ ಯಾರು ಮೊದಲು ಉತ್ತರ ಕೊಡುತ್ತಾನೆ, ಅವನ ಹೊಲ ಎಲ್ಲಿದೆ ನೋಡಿ. ಬರೆದುಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಓದಿ ಹೇಳದೆ ಜೀಪು ಹತ್ತಲು ಬಿಡಬೇಡಿ. ಆ ಎರಡನೆಯದನ್ನು ನಾನು ಮೇಡಂಗೆ ಮೊದಲೇ ಹೇಳಿ ಒಪ್ಪಿಸಿದ್ದೆ.

ಅವಳು ಓದಿ ಹೇಳಿದ್ದು ಎರಡನೆಯ ದಿನ, ಏರಿಯ ಮೇಲೆ, ಎಲ್ಲರೂ ಸೇರಿದಾಗ. ಯಾರ ಹೆಸರೂ ಇರಲಿಲ್ಲ. ಕೆರೆಯ ಪೂರ್ವದ ಅಂಚಿನಲ್ಲಿ ನೀರು ಇಳಿದ ಮೇಲೆ ಬೆಳೆ ತೆಗೆದು ಬದುಕುವ ಮನೆಗಳು ಇಷ್ಟಿವೆ ಅಂತ ಓದಿದಳು. ಮೆಂಬರು ಯಾರು ಹಾಗೆ ಹೇಳಿದ್ದು ಅಂತ ಎಲ್ಲರ ಮುಖ ನೋಡಿದ. ಎಲ್ಲರೂ ಕೆರೆ ನೋಡುತ್ತಿದ್ದರು. ಅಕ್ಕನಿಗೆ ಗೊತ್ತಿದ್ದ ಮನೆಗಳನ್ನು ನಾನು ಮೊದಲೇ ಎಣಿಸಿಟ್ಟಿದ್ದೆ, ಮೆಂಬರ ಮನೆ ಬಿಟ್ಟು. ಓದಿದ ಲೆಕ್ಕದಲ್ಲಿ ಒಂದು ಮನೆ ಹೆಚ್ಚಿತ್ತು. ಮೆಂಬರೂ ನನ್ನ ಹಾಗೇ ಬೆರಳು ಮಡಿಸುತ್ತಿದ್ದ. ಲೆಕ್ಕ ಮುಗಿದ ಮೇಲೆ ಅವನು ನಿಧಾನವಾಗಿ ತನ್ನ ಮನೆಯ ಕಡೆ ತಿರುಗಿ ನೋಡಿದ. ಹೂವಾದ ಅಲಸಂದೆ ಕಿತ್ತದ್ದು ಅವನಾದರೂ ಬಿತ್ತಿ ಕಳೆ ತೆಗೆದವಳು ಅವನ ಹೆಂಡತಿ.

ಆ ಸಂಜೆ ಅಕ್ಕ ಹೋಗಿ ಸೋಗೆ ಸರಿಸಿದಳು. ಕೆಲವು ಬಳ್ಳಿ ಬಾಡಿದ್ದವು, ಹೆಚ್ಚಿನವು ಉಳಿದಿದ್ದವು.

ಈ ಬೇಸಿಗೆಯಲ್ಲಿ ಕೆಲಸ ಶುರುವಾಗಿದೆ. ಪಶ್ಚಿಮದ ಆಳದ ಕಡೆ ಹೂಳು ತೆಗೆಯುತ್ತಿದ್ದಾರೆ. ಪೂರ್ವದ ಅಂಚು ಬಿಟ್ಟು ಬೇಲಿಯ ಗೂಟ ಹೊಡೆದಿದ್ದಾರೆ. ಹೂಳು ಮೆಂಬರ ಹೊಲಕ್ಕೂ ಹೋಗುತ್ತಿದೆ, ಬೇರೆಯವರ ಹೊಲಕ್ಕೂ ಹೋಗುತ್ತಿದೆ. ನಾನು ಪೂರ್ತಿ ನಂಬಿಲ್ಲ. ಗೂಟಕ್ಕೆ ಕಾಲಿಲ್ಲ, ಆದರೆ ಅದನ್ನು ಕಿತ್ತು ನೆಡುವ ಕೈಗಳನ್ನು ಆ ಊರಿನಲ್ಲಿ ನೋಡಿದ್ದೇನೆ. ಹನೂರಿನ ಕಡೆ ದನ ನೋಡಲು ಹೋದಾಗಲೆಲ್ಲ ಬೈಕು ತಿರುಗಿಸಿ ಗೂಟಗಳು ಇದ್ದಲ್ಲೇ ಇವೆಯೇ ಅಂತ ನೋಡಿಕೊಂಡು ಬರುತ್ತೇನೆ.

ಹೋದ ವಾರ ಹಾಗೆ ಹೋದಾಗ ಅಕ್ಕ ಕಾಮಗೆರೆಯ ಬಸ್‌ಸ್ಟಾಪಿನಲ್ಲಿ ಕಾಯಿ ಸೀಳುತ್ತಿದ್ದಳು. ಸುತ್ತ ಕೊಳ್ಳುವವರು. ನನಗೆ ತಡೆಯಲಾಗಲಿಲ್ಲ. ಅವತ್ತು ಅಡುಗೆಮನೆಯಲ್ಲಿ ಮೇಡಂ ಹತ್ತಿರ ನೀನು ಏನಂದೆ ಅಂತ ಕೇಳಿದೆ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಒಂದು ಹೋಳಿಗೆ ಖಾರ ಹಚ್ಚಿ ನನ್ನ ಕೈಗೆ ಕೊಟ್ಟಳು.

"ತಿನ್ನು. ಇಷ್ಟು ಜನದ ಮುಂದೆ ಕೇಳ್ತೀಯಲ್ಲಲಾ, ದಲ್ಲಾಳಿ ಆಗಿ," ಅಂದಳು.