ಟೈಪಾಗದೆ ಉಳಿದ ಪುಟ

ನಾಗಣಸೂರಿನ ಸೂಲಗಿತ್ತಿ ಗಂಗವ್ವನ ಕೈಯಲ್ಲಿ ಕೂಸುಗಳು ಹೆಚ್ಚು ಸಾಯುತ್ತವೆ ಎಂದು ಬರೆದು ಅಚ್ಚು ಹಾಕಿಸಿದವಳು ನಾನು. ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ತಿಳಿಯದೆ ಆದದ್ದು, ಕೂಡಿಸುವಾಗ ತಪ್ಪಿದ್ದು, ಟೈಪಿನವನ ಅಚಾತುರ್ಯ — ಇಂಥ ಯಾವುದೂ ಅಲ್ಲ. ಗೊತ್ತಿದ್ದೂ ಬರೆದೆ. ಈಗ ಆರು ವರ್ಷವಾಯಿತು. ಆ ಬರಹದಿಂದ ನನಗೆ ಗ್ರಾಂಟು ಸಿಕ್ಕಿತು, ಮುಂಬಯಿಯ ನಾಲ್ಕು ಜನರ ನಡುವೆ ಹೆಸರಾಯಿತು. ಗಂಗವ್ವನಿಗೆ ಏನಾಯಿತು ಎಂಬುದನ್ನು ಈ ಆರು ವರ್ಷಗಳಲ್ಲಿ ನಾನು ಎಲ್ಲಿಯೂ ಬರೆದಿಲ್ಲ. ಅದಕ್ಕೇ ಇದು.

ನನ್ನ ಹೆಸರು ಶಾಂತಾ. ತವರು ನಾಗಣಸೂರು. ಸೊಲ್ಲಾಪುರದ ಅರಿವೆ ವ್ಯಾಪಾರಿಗಳ ಮನೆಯ ಸೊಸೆ. ಮದುವೆಯಾದ ಮೇಲೆ ಹಟ ಹಿಡಿದು ಬಿ.ಎ. ಓದಿ, ಊರಿನ ಒಂದು ಮಹಿಳಾ ಸೇವಾ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಅಂಗಡಿಯವರ ಸೊಸೆ ಹಳ್ಳಿಹಳ್ಳಿ ತಿರುಗುವುದೇ ಎಂದು ಅತ್ತೆಯವರು ಒಂದು ತಿಂಗಳು ಮಾತು ಬಿಟ್ಟರು. ನಾನು ಕೆಲಸ ಬಿಡಲಿಲ್ಲ. ಒಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ — ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಆಗ ಸೊಲ್ಲಾಪುರದಲ್ಲಿ ಇರಲಿಲ್ಲ. ಯಾವ ಟ್ರಸ್ಟು ಯಾವ ಕೆಲಸಕ್ಕೆ ದುಡ್ಡು ಕೊಡುತ್ತದೆ, ಯಾವ ಪತ್ರಿಕೆ ಎಂಥ ಲೇಖನ ಹಾಕುತ್ತದೆ, ಇದೆಲ್ಲ ನನಗೆ ಬಾಯಿಪಾಠ. ಮುಂಬಯಿಯ ಇಂಗ್ಲಿಷ್ ಪತ್ರಿಕೆಗಳು ಒಂದು ದಿನ ತಡವಾಗಿ ವಾಚನಾಲಯಕ್ಕೆ ಬರುತ್ತಿದ್ದವು. ಉಳಿದವರು ಮೊದಲ ಪುಟ ಓದಿದರೆ ನಾನು ಜಾಹೀರಾತಿನ ಪುಟ ಓದುತ್ತಿದ್ದೆ.

ಹಾಗೆ ಓದುವಾಗಲೇ ಕಣ್ಣಿಗೆ ಬಿದ್ದದ್ದು ಆ ಟ್ರಸ್ಟಿನ ಪ್ರಕಟಣೆ. ಹಳ್ಳಿಗಳಲ್ಲಿ ಎಳೆಯ ಕೂಸುಗಳ ಸಾವಿನ ಬಗ್ಗೆ ಸಂಶೋಧನೆ ಮಾಡುವವರಿಗೆ ಮೂರು ವರ್ಷದ ಗ್ರಾಂಟು. ಅರ್ಜಿಯ ಜೊತೆ ಅಚ್ಚಾದ ಲೇಖನವೊಂದಿದ್ದರೆ ಮೊದಲ ಆದ್ಯತೆ. ನನ್ನ ಕೈಯಲ್ಲಿ ಆಗಲೇ ಸಮೀಕ್ಷೆ ಇತ್ತು. ಎರಡು ಊರು ಆರಿಸಿಕೊಂಡಿದ್ದೆ. ಒಂದು ಅಕ್ಕಲಕೋಟೆಯ ರಸ್ತೆಯ ಮೇಲಿನ ಕುಂಭಾರಿ. ಅಲ್ಲಿ ವಾರಕ್ಕೊಮ್ಮೆ ನಮ್ಮ ಸಂಸ್ಥೆಯ ದವಾಖಾನೆ ನಡೆಯುತ್ತಿತ್ತು. ಇನ್ನೊಂದು ನನ್ನ ತವರು ನಾಗಣಸೂರು. ಅಲ್ಲಿ ದವಾಖಾನೆ ಇಲ್ಲ, ಗಂಗವ್ವ ಇದ್ದಳು. ಕಳೆದ ಹತ್ತು ವರ್ಷಗಳಲ್ಲಿ ಈ ಮನೆಯಲ್ಲಿ ಹುಟ್ಟಿದವರೆಷ್ಟು, ಹೋದವರೆಷ್ಟು ಎಂದು ಮನೆಮನೆಗೆ ಕೇಳುತ್ತ ಹೋದೆ. ಕುಂಭಾರಿಯಲ್ಲಿ ಸಾವು ಕಡಿಮೆ. ನಾಗಣಸೂರಿನಲ್ಲಿ ಕಣ್ಣಿಗೆ ಹೊಡೆಯುವಷ್ಟು ಹೆಚ್ಚು.

ಯಾಕೆ ಹೆಚ್ಚು ಎಂದು ಈ ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳಿಯಾಳು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಕುಂಭಾರಿಯ ಸೊಸೆಯಂದಿರು ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡು ತಮ್ಮ ತಮ್ಮ ತವರಿಗೆ ಹೋಗುತ್ತಾರೆ. ಅಲ್ಲಿ ಕೂಸು ಹೋದರೆ ಆ ಸಾವು ಕುಂಭಾರಿಯ ಯಾವ ಮನೆಯ ಲೆಕ್ಕಕ್ಕೂ ಬರುವುದಿಲ್ಲ. ನಾಗಣಸೂರಿನ ಮಾತೇ ಬೇರೆ. ಗಂಗವ್ವನ ಕೈಗುಣ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಆ ಊರಿನ ಹೆಣ್ಣುಮಕ್ಕಳು ಚೊಚ್ಚಲಕ್ಕಷ್ಟೇ ಅಲ್ಲ, ಎರಡನೆಯದಕ್ಕೂ ಮೂರನೆಯದಕ್ಕೂ ಅಲ್ಲಿಗೇ ಬರುತ್ತಿದ್ದರು. ಊರಿಗೆ ಸಂಬಂಧವೇ ಇಲ್ಲದವರೂ, ಕುಂಭಾರಿಯವರೂ, ಚಕ್ಕಡಿ ಕಟ್ಟಿಕೊಂಡು ಬಂದು ಊರಿನ ಯಾರಾದರೊಬ್ಬರ ಮನೆಯಲ್ಲಿ ಇಳಿಯುತ್ತಿದ್ದರು — ಕೂಸು ಅಡ್ಡ ತಿರುಗಿದವರು, ನೋವು ನಿಂತುಹೋದವರು, ಉಳಿದ ಸೂಲಗಿತ್ತಿಯರು ಕೈ ಚೆಲ್ಲಿದವರು. ಸುಲಭದ್ದು ಯಾರ ಕೈಯಲ್ಲಾದರೂ ಆಗುತ್ತದೆ, ಕಷ್ಟದ್ದು ಗಂಗವ್ವನಿಗೆ. ಅವಳು ಒಳ್ಳೆಯ ಸೂಲಗಿತ್ತಿ ಆದದ್ದಕ್ಕೇ ಅವಳ ಊರಿನಲ್ಲಿ ಸಾವು ಹೆಚ್ಚಾಗಿತ್ತು.

ಇದು ನನಗೆ ತಡವಾಗಿ ಹೊಳೆದದ್ದಲ್ಲ. ಮೊದಲ ದಿನವೇ ಗೊತ್ತಿತ್ತು. ಫಾರ್ಮಿನಲ್ಲಿ ‘ತಾಯಿ ಯಾವ ಊರಿನಿಂದ ಬಂದವಳು, ಬಂದಾಗ ಹೇಗಿದ್ದಳು’ ಎಂಬ ಕಾಲಮನ್ನು ನಾನೇ ಕೈಯಿಂದ ಗೆರೆ ಎಳೆದು ಸೇರಿಸಿದ್ದೆ. ಅದನ್ನೂ ಬದುಕಿ ಉಳಿದವರ ಲೆಕ್ಕವನ್ನೂ ಒಟ್ಟುಮಾಡಿ ಒಂದು ಪುಟ ಬರೆದೆ. ಓದಿದವರಿಗೆ ಎಲ್ಲ ತಿಳಿಯುವಂತಿತ್ತು ಆ ಪುಟ.

ಸಮೀಕ್ಷೆಗೆ ಹೋದಾಗ ಗಂಗವ್ವ ಬೇವಿನ ಗಿಡದ ಕೆಳಗೆ ಕೂತು ಜೋಳ ಹಸನು ಮಾಡುತ್ತಿದ್ದಳು. ನಾನು ಮನೆಮನೆಯಿಂದ ಬರೆದುಕೊಂಡು ಬಂದದ್ದನ್ನು ಅವಳೆದುರು ಓದಿ, ಸರಿಯೇ ಎಂದು ಕೇಳಿದೆ. ಎಲ್ಲ ಕೇಳಿಸಿಕೊಂಡು ಮೊರ ಕೆಳಗಿಟ್ಟಳು.

“ಖರೇ ಐತಿ ತಂಗಿ. ಸತ್ತವ್ರನ್ನೆಲ್ಲಾ ಛಂದಂಗ ಬರಕೊಂಡೀದಿ. ಬದುಕಿದವ್ರಿಗಿ ನಿನ್ನ ಕಾಗದದಾಗ ಜಾಗಾ ಇಲ್ಲೇನ?”

“ಅದಕ್ಕ ಬ್ಯಾರೆ ಪುಟ ಮಾಡೀನಿ ಆಯಿ,” ಎಂದೆ. ಆಗ ಅದು ನಿಜವೇ ಆಗಿತ್ತು.

ಲೇಖನವನ್ನು ಮುಂಬಯಿಯ ಸಮಾಜಸೇವೆಯ ಒಂದು ಇಂಗ್ಲಿಷ್ ತ್ರೈಮಾಸಿಕಕ್ಕೆ ಕಳಿಸಿದೆ. ವಾಪಸು ಬಂತು. ಊರುಗಳ ಹೋಲಿಕೆ ಚೆನ್ನಾಗಿದೆ, ತೀರ್ಮಾನ ಸ್ಪಷ್ಟವಿಲ್ಲ, ಚಿಕ್ಕದಾಗಿಸಿ ಕಳಿಸಿ ಎಂದು ಸಂಪಾದಕರ ಚೀಟಿ ಇತ್ತು. ಟ್ರಸ್ಟಿನ ಕೊನೆಯ ತಾರೀಖು ಹತ್ತಿರ ಬಂದಿತ್ತು. ನಮ್ಮ ಸಂಸ್ಥೆಯ ಕಾರ್ಯದರ್ಶಿ ಅಣ್ಣಾಸಾಹೇಬರು ಹಿರಿಯರು. ಮರಾಠಿ ಬೆರೆಸಿ ಕನ್ನಡ ಆಡುವವರು. ಚೀಟಿ ಓದಿ ಕನ್ನಡಕ ತೆಗೆದರು.

“ಶಾಂತಾಬಾಯಿ, ಮುಂಬಯಿ ಮಂದಿಗಿ ಮುದ್ದಾ, ಅಂದ್ರ ಹೇಳೂ ಮಾತು, ಒಂದ ಇರಬೇಕ್ರಿ. ಏಕಚ್! ದವಾಖಾನಿ ಇದ್ದಲ್ಲಿ ಕೂಸು ಉಳೀತಾವ, ಸೂಲಗಿತ್ತಿ ಇದ್ದಲ್ಲಿ ಸಾಯ್ತಾವ. ಆತು, ಮುಗೀತು. ಈ ತವರಮನಿ ಪುರಾಣಾ ಯಾಕ ಬೇಕ್ರಿ ಅವ್ರಿಗಿ?”

ಅವರನ್ನು ದೂರುವುದಿಲ್ಲ. ಅವರು ಆ ಹಳ್ಳಿಗಳನ್ನು ಕಂಡವರಲ್ಲ, ಆ ಪುಟವನ್ನು ಅರ್ಧಕ್ಕಿಂತ ಹೆಚ್ಚು ಓದಿದವರೂ ಅಲ್ಲ. ಅದನ್ನು ಬರೆದವಳು ನಾನು. ಚಿಕ್ಕದಾಗಿಸಿದ ಲೇಖನವನ್ನು ಟೈಪು ಮಾಡಿಸಲು ಅಂಗಡಿಗೆ ಹೋಗಿ, ಟೈಪಿನವನ ಕೈಗೆ ಕಾಗದಗಳನ್ನು ಒಂದೊಂದಾಗಿ ಕೊಡುತ್ತಿದ್ದೆ. ಆ ಪುಟ ಬಂದಾಗ ಒಂದು ಗಳಿಗೆ ತಡೆದು, ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಮುಂದಿನದನ್ನು ಕೊಟ್ಟೆ. ಇಷ್ಟೇ ಆದದ್ದು. ಕೈ ನಡುಗಿತು ಎಂದು ಬರೆದರೆ ನೀವು ನಂಬಿಯೀರಿ, ಆದರೆ ನಡುಗಲಿಲ್ಲ. ಗ್ರಾಂಟು ನನಗೇ ಸಿಗುತ್ತದೆ ಎಂದು ಆ ಹೊತ್ತಿಗೆ ಖಾತ್ರಿಯಾಗಿತ್ತು, ಖುಷಿಯಾಗಿಯೇ ಇದ್ದೆ.

ಲೇಖನ ಅಚ್ಚಾಯಿತು. ಗ್ರಾಂಟೂ ಬಂತು. ನಾಗಣಸೂರಿಗೆ ತರಬೇತಿ ಪಡೆದ ನರ್ಸಬಾಯಿಯೊಬ್ಬರನ್ನು ನೇಮಿಸಿದೆವು. ಊರ ಮಂದಿ ಹಳೆಯ ರೂಢಿ ಬಿಟ್ಟು ಅವರ ಹತ್ತಿರ ಹೋಗಬೇಕಲ್ಲ, ಅದಕ್ಕೆ ಸಂಸ್ಥೆಯ ವತಿಯಿಂದಲೇ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಡಂಗುರ ಹೊಡೆಸಿದೆವು. ಒಕ್ಕಣೆ ನಾನೇ ಬರೆದುಕೊಟ್ಟಿದ್ದೆ, ಮೆತ್ತಗೆ, ಯಾರ ಹೆಸರೂ ಹಾಕದೆ. ಡಂಗುರದವನಿಗೆ ಆ ನಯ ತಿಳಿಯಲಿಲ್ಲ, ಅಥವಾ ನನಗಿಂತ ಅವನೇ ಪ್ರಾಮಾಣಿಕನೋ — “ಗಂಗವ್ವನ ಕಡಿ ಬಾಣಂತನ ಮಾಡಸಬ್ಯಾಡ್ರೋ! ಆಕಿ ಕೈಯಾಗ ಕೂಸು ಸಾಯ್ತಾವಂತ ಮುಂಬಯಿ ಕಾಗದದಾಗ ಬಂದೈತ್ರೋ!” ಎಂದು ಕೂಗಿಬಿಟ್ಟ. ಕಟ್ಟೆಯ ಪಕ್ಕದಲ್ಲಿ ನಾನು ನಿಂತಿದ್ದೆ. ತಡೆಯಲಿಲ್ಲ.

ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ಮೊದಲ ಕರೆ ಸೂಲಗಿತ್ತಿಗೆ. ಅವಳು ಎತ್ತಿ ಕೊಟ್ಟ ಮೇಲೆಯೇ ಕೂಸು ತೊಟ್ಟಿಲಿಗೆ. ಅವಳಿಗೆ ಸೀರೆ ಉಡಿಸಿ, ಉಡಿ ತುಂಬಿ ಕಳಿಸುತ್ತಾರೆ. ಡಂಗುರದ ಮರುವಾರ ಒಂದು ಮನೆಯಲ್ಲಿ ತೊಟ್ಟಿಲ ಶಾಸ್ತ್ರವಿತ್ತು. ಆ ಕೂಸನ್ನು ಹೆರಿಸಿದವಳು ಗಂಗವ್ವನೇ. ಕರೆ ಬರಲಿಲ್ಲ. ಆಮೇಲೆ ಯಾರ ಮನೆಯಿಂದಲೂ ಬರಲಿಲ್ಲ. ಅವಳು ಎದುರಾದರೆ ಸೊಸೆಯಂದಿರು ಕೂಸಿನ ಮುಖಕ್ಕೆ ಸೆರಗು ಹಾಕತೊಡಗಿದರು. ಇದನ್ನೆಲ್ಲ ಅವ್ವ ನನಗೆ ಹೇಳಿದಳು. ಗ್ರಾಂಟಿನ ಮೊದಲ ವರ್ಷದ ವರದಿಯಲ್ಲಿ ನಾನು, ಜನರ ಸಹಕಾರ ಚೆನ್ನಾಗಿದೆ ಎಂದು ಬರೆದೆ.

ನರ್ಸಬಾಯಿಯಿಂದ ಊರಿಗೆ ಒಳ್ಳೆಯದಾಯಿತು, ಅದು ನಿಜ. ಆದರೆ ಅದನ್ನು ಮುಂದೆ ಮಾಡಿ ನಾನು ಹಿಂದೆ ನಿಲ್ಲುವುದಿಲ್ಲ. ಆ ಪುಟವನ್ನೂ ಸೇರಿಸಿ, ಗಂಗವ್ವನನ್ನೂ ನರ್ಸಬಾಯಿಯನ್ನೂ ಜೊತೆಗೇ ಇಟ್ಟುಕೊಂಡು ಕೆಲಸ ಮಾಡುತ್ತೇವೆ ಎಂದು ಬರೆದಿದ್ದರೂ ಗ್ರಾಂಟು ತರುವ ತಾಕತ್ತು ನನ್ನ ಕೈಗಿತ್ತು. ಇನ್ನೊಂದು ಸಲ ಬರೆಯಬೇಕಿತ್ತು, ಇನ್ನೊಂದು ವರ್ಷ ಕಾಯಬೇಕಿತ್ತು. ಕಾಯುವ ಮನಸ್ಸಿರಲಿಲ್ಲ.

ಇಷ್ಟನ್ನು ಬರೆದು ನಿಲ್ಲಿಸಬಹುದಿತ್ತು. ಇದರ ಕೆಳಗೆ ಇನ್ನೊಂದಿದೆ.

ನಾಗಣಸೂರಿನ ಆ ಸಾವುಗಳಲ್ಲಿ ಒಂದು ನನ್ನ ಕೂಸು. ನನ್ನ ಅವ್ವನ ಮನೆಯಲ್ಲೂ ಫಾರ್ಮು ಹಿಡಿದು ಕೂತಿದ್ದೆ, ಎಲ್ಲರ ಮನೆಯಲ್ಲಿ ಕೂತಂತೆಯೇ. ಅವ್ವ ನನ್ನ ಮುಖ ನೋಡಿ, “ಅದನ್ನೂ ಬರೀತೀಯೇನ?” ಎಂದಳು. ಬರೆದೆ.

ನನಗಾಗ ಹತ್ತೊಂಬತ್ತು. ಸೊಲ್ಲಾಪುರದ ಮನೆಯಲ್ಲಿ ಕುಬಸದ ಸಡಗರ. ಮನೆ ತುಂಬ ಬೀಗರು. ಹಿಂದಿನ ದಿನದಿಂದ ಹೊಟ್ಟೆಯಲ್ಲಿ ಕೂಸು ಮಿಸುಕಾಡಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹಸಿರು ಸೀರೆ ಉಟ್ಟು, ಹೂವಿನ ದಂಡೆ ಮುಡಿದು ಕೂತವಳು ಇಂಥ ಮಾತನ್ನು ಹೇಗೆ ಆಡುವುದು — ನಾಳೆ ಮಿಸುಕಾಡೀತು, ನಾಡಿದ್ದು ಮಿಸುಕಾಡೀತು ಎಂದುಕೊಂಡೇ ತವರಿಗೆ ಬಂದೆ. ನಾಲ್ಕು ದಿನಕ್ಕೆ ನೋವು ಎದ್ದು, ಮೈಯೆಲ್ಲ ಜ್ವರವೇರಿ, ನನಗೆ ಎಚ್ಚರ ತಪ್ಪಿತು. ಎರಡು ದಿನ ಗಂಗವ್ವ ನನ್ನ ಮಗ್ಗುಲು ಬಿಟ್ಟು ಏಳಲಿಲ್ಲವಂತೆ. ಕಣ್ಣು ಬಿಟ್ಟಾಗ ಎದುರಿಗೆ ಅವಳ ಮುಖ.

“ಕೂಸು ಮದಲs ಹೋಗಿತ್ತು ತಂಗಿ, ಇಲ್ಲಿಗಿ ಬರೂಕಿಂತ ಮದಲs. ನಿನಗೂ ಗೊತ್ತಿತ್ತು. ನಿನ್ನ ಉಳಿಸ್ಕೊಂಡೀನಿ. ಅತ್ತೀ ಮನಿಯವ್ರಿಗಿ ಏನೂ ಹೇಳಬ್ಯಾಡ. ನಾ ನೋಡ್ಕೋತೀನಿ.”

ಹೇಳಿದ್ದರೆ ಮನೆಯ ಮೊದಲ ಕುಡಿಯನ್ನು ಬಾಯಿ ಮುಚ್ಚಿಕೊಂಡು ಕೊಂದವಳು ಎಂಬ ಮಾತು ನನ್ನ ಬೆನ್ನು ಬಿಡುತ್ತಿರಲಿಲ್ಲ. ಗಂಗವ್ವ ಅದನ್ನು ತನ್ನ ಮೈಮೇಲೆ ಹಾಕಿಕೊಂಡಳು. ಅತ್ತೆಯವರು ಬಂದು “ಏನ ಸೂಲಗಿತ್ತಿ ಅದಿಯೇ ನೀ!” ಎಂದು ಎಲ್ಲರೆದುರು ಅಂದಾಗ ತಲೆ ತಗ್ಗಿಸಿ ನಿಂತಿದ್ದಳು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

ಏಳು ವರ್ಷದ ಮೇಲೆ ಅದೇ ಮಾತನ್ನು ನಾನು ಇಂಗ್ಲಿಷಿನಲ್ಲಿ ಬರೆದೆ. ಚೀಲಕ್ಕೆ ಹಾಕಿಕೊಂಡ ಪುಟದಲ್ಲಿ ನನ್ನದೂ ಒಂದು ಸಾಲಿತ್ತು — ಯಾವ ಊರಿನಿಂದ ಬಂದವಳು, ಬಂದಾಗ ಹೇಗಿದ್ದಳು. ಆ ಸಾಲನ್ನು ಯಾರಾದರೂ ಓದಿಯಾರು ಎಂಬ ಅಂಜಿಕೆಗೇ ಪುಟ ಮಡಚಿದೆನೋ, ಗ್ರಾಂಟಿನ ಆಸೆಗೋ — ಇದನ್ನು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎರಡೂ ಇದ್ದವು.

ಹೋದ ತಿಂಗಳು ಬೀಡಿ ಕಟ್ಟುವ ಹೆಂಗಸರ ಕೆಮ್ಮಿನ ಬಗ್ಗೆ ಹೊಸದೊಂದು ಸಮೀಕ್ಷೆ ಶುರುಮಾಡಿದೆ. ಸೊಲ್ಲಾಪುರದ ಒಂದು ಓಣಿಯಲ್ಲಿ, ಸಾಲಾಗಿ ಕೂತ ಹೆಂಗಸರ ಕೊನೆಯಲ್ಲಿ, ಮೊಣಕಾಲ ಮೇಲೆ ಮೊರ ಇಟ್ಟುಕೊಂಡು ಗಂಗವ್ವ ಬೀಡಿ ಸುತ್ತುತ್ತಿದ್ದಳು. ಊರಲ್ಲಿ ಕೆಲಸ ಹೋದ ಮೇಲೆ ಮಗಳ ಮನೆಗೆ ಬಂದು ಸೇರಿದ್ದಾಳೆ. ನನ್ನ ಕೈಯಲ್ಲಿದ್ದ ಫಾರ್ಮು ನೋಡಿದಳು.

“ಈಗೇನ ಎಣಸಾಕ ಬಂದಿ ತಂಗಿ?”

ನಾನು ಫಾರ್ಮನ್ನು ಸೆರಗಿನ ಮರೆಗೆ ಸರಿಸಿದೆ. ಅವಳು ಎಲೆ ಕತ್ತರಿಸುತ್ತಲೇ ದನಿ ತಗ್ಗಿಸಿ, “ನಾ ಇನ್ನತನಾ ಯಾರ ಮುಂದೂ ಅಂದಿಲ್ಲ. ನೀ ಅಂಜಬ್ಯಾಡ,” ಎಂದಳು. ಓಣಿ ದಾಟುವವರೆಗೂ ಅಳು ತಡೆದುಕೊಂಡೆ.

ಆ ತ್ರೈಮಾಸಿಕಕ್ಕೆ ತಿದ್ದುಪಡಿ ಕಳಿಸಿದ್ದೇನೆ, ಚೀಲದಲ್ಲಿ ಉಳಿದಿದ್ದ ಪುಟವನ್ನೂ ಸೇರಿಸಿ. ಅವರು ಹಾಕಲಿ ಬಿಡಲಿ, ಹಾಕುವ ತನಕ ಬರೆಯುತ್ತೇನೆ. ಬರೆಯುವುದು ನನಗೆ ಬರುತ್ತದೆ. ಟ್ರಸ್ಟಿಗೂ ಅಣ್ಣಾಸಾಹೇಬರಿಗೂ ಪ್ರತಿ ಹೋಗಿದೆ. ಕೆಲಸದಿಂದ ತೆಗೆದರೆ ತೆಗೆಯಲಿ. ಆದರೆ ಇಂಗ್ಲಿಷ್ ತಿದ್ದುಪಡಿಯನ್ನು ನಾಗಣಸೂರಿನಲ್ಲಿ ಓದುವವರು ಯಾರು? ಡಂಗುರ ಕನ್ನಡದಲ್ಲಿ ಹೊಡೆಸಿದ್ದೆ. ಆದ್ದರಿಂದ ಇದನ್ನೂ ಕನ್ನಡದಲ್ಲಿ ಬರೆದೆ. ಬರುವ ಸೋಮವಾರ ಅಕ್ಕಲಕೋಟೆಯ ಬಸ್ಸು ಹಿಡಿದು ಹೋಗಿ, ಅದೇ ಕಟ್ಟೆಯ ಮೇಲೆ ನಿಂತು ನಾನೇ ಓದುತ್ತೇನೆ.

ನಿನ್ನೆ ಗಂಗವ್ವನಿಗೆ ಮೊದಲು ಓದಿ ಹೇಳಿದೆ. ಬೀಡಿ ಸುತ್ತುವುದನ್ನು ನಿಲ್ಲಿಸದೆ ಕೊನೆಯವರೆಗೂ ಕೇಳಿದಳು. ಕ್ಷಮಿಸು ಎಂದು ನಾನು ಕೇಳಲಿಲ್ಲ, ಅವಳೂ ಆ ಮಾತು ತೆಗೆಯಲಿಲ್ಲ. ಆಮೇಲೆ ದಾರದ ತುದಿ ಕಚ್ಚಿ ಹರಿದು, ನನ್ನ ಕಡೆ ನೋಡಿದಳು.

“ನಿನ್ನ ಅತ್ತೀ ಮನಿಯವ್ರಿಗಿ ಗೊತ್ತಾಗ್ತೈತಲ್ಲ ತಂಗಿ?”

“ಗೊತ್ತಾಗ್ಲಿ ಆಯಿ,” ಎಂದೆ.

ಲೇಖನದಲ್ಲಿ ಆಗ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆದು ಮುಗಿಸುತ್ತೇನೆ. ಕೂಸು: ಗಂಗವ್ವನ ಕೈಗೆ ಬರುವ ಮೊದಲೇ ಹೋಗಿತ್ತು. ತಾಯಿ: ಬದುಕಿದಳು. ಉಳಿಸಿದವರು: ನಾಗಣಸೂರಿನ ಗಂಗವ್ವ.